ಇಪ್ಪತ್ತಾರರ ಮೇಲೆ ನಿಂತ ಗುಡ್ಡ

ಕಲಬುರಗಿಯಲ್ಲಿ ಗಾಳಿ ತೂಗುವ ಹುಡುಗಿ ಯಾರು ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ಕೋಟನೂರಿನ ನಮ್ಮ ಓಣಿಯ ಎಮ್ಮೆಗಳು ಕೂಡ ಮುಖ ಎತ್ತಿ ನಮ್ಮ ಮನೆಯ ಕಡೆ ತೋರಿಸುತ್ತಿದ್ದವು. ಅಷ್ಟು ಹೇಳಿಕೊಂಡು ತಿರುಗಿದ್ದೆ. ಹಾಲು ಹಾಕುವವನಿಗೆ ಹೇಳಿದ್ದೆ, ಆಟೋದವನಿಗೆ ಹೇಳಿದ್ದೆ, ಒಂದು ಮದುವೆ ಊಟದಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಮುದುಕಿಗೂ ಹೇಳಿದ್ದೆ. ಆಕೆ ಹೋಳಿಗೆ ಮುರಿಯುತ್ತ, ಗಾಳಿ ತೂಗಿ ಮಾರ್ತೀಯೇನವ್ವಾ, ಕಿಲೋ ಹ್ಯಾಂಗ ಎಂದು ಕೇಳಿದಳು. ಜಗತ್ತು ವಿಜ್ಞಾನಕ್ಕೆ ಇನ್ನೂ ತಯಾರಾಗಿಲ್ಲ ಎಂದುಕೊಂಡು ನಾನು ಆಕೆಯ ಎಲೆಗೆ ತುಪ್ಪ ಹಾಕಿಸಿದೆ. ಈಗ ಆ ಎಮ್ಮೆಗಳ ಎದುರು ಹಾಯ್ದು ಹೋಗುವಾಗಲೂ ನಾನು ತಲೆ ತಗ್ಗಿಸುತ್ತೇನೆ.

ಆಗ ನನಗೆ ಹದಿನೇಳು, ಡಿಪ್ಲೊಮಾ ಎರಡನೆಯ ವರ್ಷ. ನಮ್ಮ ಕಾಲೇಜಿನ ಕೊನೆಯ ಕಾರಿಡಾರಿನಲ್ಲಿ, ಕಾಲು ಮುರಿದ ಬೆಂಚುಗಳನ್ನು ಒಟ್ಟಿದ ಜಾಗದ ಹಿಂದೆ ಒಂದು ಕೋಣೆ ಇತ್ತು. ಅದರಲ್ಲಿ ಗ್ಯಾಸುಗಳನ್ನು ಬಿಡಿಸಿ ತೋರಿಸುವ ಒಂದು ಮಾಸ್ ಸ್ಪೆಕ್ಟ್ರೋಮೀಟರ್. ಎಲ್ಲಿಯೋ ಮುಚ್ಚಿಹೋದ ದೊಡ್ಡ ಪ್ರಯೋಗಾಲಯದಿಂದ ದಾನವಾಗಿ ಬಂದು ನಾಲ್ಕು ವರ್ಷ ಗೋಣಿತಟ್ಟಿನ ಕೆಳಗೆ ಮಲಗಿತ್ತು. ನಮಗೆ ಉಪಕರಣಗಳ ಪಾಠ ಮಾಡುವ ಸರ್ ಆರು ತಿಂಗಳು ಕೂತು ಅದನ್ನು ಎಬ್ಬಿಸಿದರು. ನಾನು ಟಾರ್ಚ್ ಹಿಡಿದಿದ್ದೆ. ಊರಿಗೆ ಹೇಳುವಾಗ ಮಾತ್ರ ನಾನು ಎಬ್ಬಿಸಿದೆ, ಸರ್ ಟಾರ್ಚ್ ಹಿಡಿದಿದ್ದರು.

ನೋಡಲು ಅದು ಮದುವೆ ಮನೆಯ ದೊಡ್ಡ ಕುಕ್ಕರಿಗೆ ನಾಲ್ಕು ಕಡೆ ನಳ ಬೆಸೆದ ಹಾಗೆ ಇತ್ತು. ಪಂಪು ಅದರ ಹೊಟ್ಟೆಯಲ್ಲಿನ ಗಾಳಿಯನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ಆ ಖಾಲಿಯೊಳಗೆ ನಾವು ಸೂಜಿಯ ಕಣ್ಣಿನಷ್ಟು ಗ್ಯಾಸು ಬಿಡುತ್ತೇವೆ. ಕೆಂಪಗೆ ಕಾದ ಒಂದು ತಂತಿ ಗ್ಯಾಸಿನ ಕಣಗಳಿಗೆ ವಿದ್ಯುತ್ತು ಹತ್ತಿಸುತ್ತದೆ. ಅವು ನಾಲ್ಕು ಸರಳುಗಳ ನಡುವಿನ ಸಂದಿಯಲ್ಲಿ ಓಡುತ್ತವೆ. ಒಂದೊಂದು ತೂಕದವು ಒಂದೊಂದು ಸಲಕ್ಕೆ ಪಾರಾಗಿ ಬರುತ್ತವೆ. ಪರದೆಯ ಮೇಲೆ ಸಾಲಾಗಿ ಗುಡ್ಡಗಳು ಏಳುತ್ತವೆ. ಗುಡ್ಡ ನಿಂತ ಜಾಗ ಗ್ಯಾಸಿನ ತೂಕ, ಗುಡ್ಡದ ಎತ್ತರ ಅದು ಎಷ್ಟಿದೆ ಎಂಬುದು.

ಆದರೆ ಜಾಗಕ್ಕೆ ಅಂಕಿ ಕೊಡಬೇಕಾದವರು ನಾವು. ಮಿಷನ್ನಿಗೆ ಅಂಕಿ ಗೊತ್ತಿಲ್ಲ. ಅದು ಹೊಸ ಸೊಸೆ ಇದ್ದ ಹಾಗೆ, ಅತ್ತೆ ಯಾರು ನಾದಿನಿ ಯಾರು ಎಂದು ನಾವೇ ಬೆರಳು ಮಾಡಿ ತೋರಿಸಬೇಕು ಎನ್ನುತ್ತಿದ್ದರು ಸರ್. ತೋರಿಸಲಿಕ್ಕೆ ಡಬ್ಬಿಯ ಹಿಂದೆ ಎರಡು ಸಣ್ಣ ತಿರುಪು. ಒಂದು ಹಗುರ ತೂಕದ ತುದಿಯನ್ನು ಸರಿಸುತ್ತದೆ, ಇನ್ನೊಂದು ಭಾರದ ತುದಿಯನ್ನು. ಎಷ್ಟೇ ಎಳೆದರೂ ಒಳಗೆ ಚೂರು ನೀರಿನ ಆವಿ ಉಳಿದೇ ಇರುತ್ತದೆ. ಅದರ ತೂಕ ಹದಿನೆಂಟು. ಮೊದಲ ತಿರುಪಿನಿಂದ ಅದನ್ನು ಹದಿನೆಂಟಕ್ಕೆ ತರಬೇಕು. ಆಮೇಲೆ ಆರ್ಗಾನ್ ಬಿಟ್ಟು, ಎರಡನೆಯ ತಿರುಪಿನಿಂದ ಅದರ ಗುಡ್ಡವನ್ನು ನಲವತ್ತಕ್ಕೆ ತರಬೇಕು. ಕೊನೆಗೆ, ಇದು ಮುಖ್ಯ, ಕೋಣೆಯ ಬರೀ ಗಾಳಿಯನ್ನು ಬಿಟ್ಟು ನೋಡಬೇಕು. ಸಾರಜನಕ ತಾನಾಗಿ ಇಪ್ಪತ್ತೆಂಟಕ್ಕೂ ಆಮ್ಲಜನಕ ತಾನಾಗಿ ಮೂವತ್ತೆರಡಕ್ಕೂ ಬಂದು ನಿಂತರೆ ಅಳತೆ ಸರಿ. ಈ ಮೂರನೆಯ ಸಾಕ್ಷಿ ಬಾಯಿ ಬಿಡುವ ತನಕ ಯಾವ ಗ್ಯಾಸಿನ ಬಗ್ಗೆಯೂ ತುಟಿ ಬಿಚ್ಚಬಾರದು ಎಂದು ಸರ್ ಹೇಳಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೆ. ಗೆರೆ ಎಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಇಡೀ ಜಿಲ್ಲೆಯಲ್ಲಿ ಇಲ್ಲ.

ಇನ್ನು ಕಮಲಾಪುರದ ಮಾವ. ಅವ್ವನ ಅಣ್ಣ. ಅವನದು ಕೆಂಬಾಳೆ. ಆ ಹಣ್ಣನ್ನು ಬೆಳೆಯುವವರು ಅಲ್ಲಿ ಇನ್ನೂ ಇದ್ದಾರೆ, ಆದರೆ ಹಣ್ಣು ಮಾಡುವುದರಲ್ಲಿ ಮಾವನದೇ ಕೈ ಎಂದು ಬೇರೆಯವರೂ ತಮ್ಮ ಗೊನೆಗಳನ್ನು ಅವನ ಕೋಣೆಗೇ ತಂದು ಹಾಕುತ್ತಿದ್ದರು. ಕೆಂಬಾಳೆಯ ತೊಂದರೆ ಏನೆಂದರೆ ಕಾಯಿಯೂ ಕೆಂಪು, ಹಣ್ಣೂ ಕೆಂಪು. ಕಣ್ಣಿಗೆ ಮೋಸ. ಮಾವ ಮುಚ್ಚಿದ ಕೋಣೆಯಲ್ಲಿ ಒಣ ಬಾಳೆ ಎಲೆ ಹಾಸಿ ಗೊನೆ ಇಟ್ಟು, ನಡುವೆ ನಡುವೆ ಆಗಲೇ ಮಾಗಿದ ಚಿಪ್ಪು ಇಡುತ್ತಿದ್ದ. ಮಾಗಿದ್ದು ಬಿಡುವ ಗ್ಯಾಸೇ ಮಾಗದ್ದನ್ನು ಮಾಗಿಸುತ್ತದೆ. ದಿನಕ್ಕೆರಡು ಸಲ ಒಳಗೆ ಹೋಗಿ ಮೂಗಿನಿಂದಲೇ ಇವತ್ತು, ನಾಳೆ, ನಾಡಿದ್ದು ಎಂದು ಹೇಳಿಬಿಡುತ್ತಿದ್ದ. ಅವನ ಮೂಗು ಎಷ್ಟು ದೊಡ್ಡದೆಂದರೆ ಅದಕ್ಕೊಂದು ಬೇರೆ ರೇಷನ್ ಕಾರ್ಡು ಮಾಡಿಸಬಹುದಿತ್ತು.

ಬೆಳೆಗಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಒಂದೊಂದು ಚಿಪ್ಪಿಗೂ ಸಂಘದ ದುಂಡನೆಯ ಸ್ಟಿಕ್ಕರ್. ಅದು ಇದ್ದರೇ ಕಲಬುರಗಿಯ ಅಂಗಡಿಯವರು ಕೆಂಬಾಳೆ ಎಂದು ಮುಟ್ಟುವುದು. ಹೋದ ವರ್ಷ ಒಬ್ಬ ಅಂಗಡಿಯವನು ಮಾವನ ಕೋಣೆಯಿಂದ ಹೋದ ಹಣ್ಣು ವಾಪಸು ಕಳಿಸಿದ. ಹೊರಗೆ ಹಣ್ಣು, ಒಳಗೆ ಕಲ್ಲು, ತಿಂದರೆ ನಾಲಿಗೆ ಚುರುಗುಡುತ್ತದೆ, ಕಾರ್ಬೈಡ್ ಹಾಕಿದ್ದಾರೆ ಎಂದು. ಕಾರ್ಬೈಡ್ ಪುಡಿಗೆ ಹಸಿ ತಾಗಿದರೆ ಒಂದು ಗ್ಯಾಸು ಏಳುತ್ತದೆ. ಕಾಯಿ ಬೇಗ ಹಣ್ಣಿನ ಹಾಗಾಗುತ್ತದೆ. ಅದು ಕಾನೂನಿಗೆ ವಿರುದ್ಧ, ಹೊಟ್ಟೆಗೂ ವಿರುದ್ಧ. ಕಮಲಾಪುರದಲ್ಲಿ ಒಬ್ಬನನ್ನು ಕಳ್ಳ ಎನ್ನಿ, ಕುಡುಕ ಎನ್ನಿ, ನಕ್ಕು ಚಹಾ ಕುಡಿಸುತ್ತಾರೆ. ಕಾರ್ಬೈಡ್ ಹಾಕುತ್ತಾನೆ ಎಂದರೆ ಅವನ ಬಾಗಿಲಿಗೆ ಗೊನೆ ಹೊತ್ತು ಯಾರೂ ಬರುವುದಿಲ್ಲ. ತನ್ನ ಕೋಣೆಯಲ್ಲಿ ಆ ಪುಡಿ ಇಲ್ಲ ಎಂದು ಮಾವ ತೋರಿಸಿದರೆ ಸ್ಟಿಕ್ಕರ್ ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ ಎಂದು ಸಂಘದ ಅಧ್ಯಕ್ಷರು ಹೇಳಿದರು. ಸರಕಾರದ ಪರೀಕ್ಷೆಗೆ ಕಳಿಸಿದರೆ ವರದಿ ಬರುವ ಹೊತ್ತಿಗೆ ಹಣ್ಣೂ ಇರುವುದಿಲ್ಲ, ಹಂಗಾಮೂ ಇರುವುದಿಲ್ಲ. ಆಗ ಮಾವ ಎದ್ದು ನಿಂತು, ನನ್ನ ತಂಗಿ ಮಗಳ ಹತ್ರ ಗಾಳಿ ತೂಗೋ ಮಿಷನ್ ಅದ ಎಂದನಂತೆ.

ನನ್ನನ್ನು ಕರೆಸಿದರು. ನಾನು ಸಂಘದ ಜಗಲಿಯ ಮೇಲೆ ನಿಂತು ಅರ್ಧ ತಾಸು ಮಾತಾಡಿದೆ. ಕಾರ್ಬೈಡ್ ಗ್ಯಾಸಿನ ತೂಕ ಇಪ್ಪತ್ತಾರು, ಆ ಅಂಕಿಯ ಮೇಲೆ ಗುಡ್ಡ ಎದ್ದರೆ ಕಳ್ಳತನ, ಏಳದಿದ್ದರೆ ಪ್ರಾಮಾಣಿಕತೆ ಎಂದೆ. ವಿಷಯ ನಿಜವಾಗಿ ಅಷ್ಟು ಸರಳವಲ್ಲ; ಹಣ್ಣಿನ ಗ್ಯಾಸೂ ಒಡೆದು ಇಪ್ಪತ್ತಾರರಲ್ಲಿ ಚೂರು, ಇಪ್ಪತ್ತೇಳರಲ್ಲಿ ಚೂರು ಬೀಳುತ್ತದೆ. ಆದರೆ ಭಾಷಣದಲ್ಲಿ ಚೂರುಗಳಿಗೆ ಜಾಗವಿರಲಿಲ್ಲ. ಮಂದಿ ಬಾಯಿ ತೆರೆದು ಕೇಳಿದರು. ಮಾವ ಮೂಲೆಯಲ್ಲಿ ಕೂತು, ತಾನೇ ಹೆತ್ತ ಹಾಗೆ ನನ್ನನ್ನು ನೋಡುತ್ತಿದ್ದ.

ಗಾಳಿ ತೂಗುವುದು ಶುಕ್ರವಾರ ಎಂದು ನಿಗದಿಯಾಯಿತು. ಸರ್ ಪರೀಕ್ಷೆಯ ಪೇಪರ್ ತಿದ್ದಲು ಹತ್ತು ದಿನ ಬೇರೆ ಊರಿಗೆ ಹೋಗಿದ್ದರು. ಪಂಪು ನೋಡಿಕೊಳ್ಳಲು ಕೀಲಿ ನನ್ನ ಹತ್ತಿರ ಇತ್ತು, ತಿರುಪು ಮುಟ್ಟಬೇಡ ಎಂಬ ಮಾತೂ ಇತ್ತು. ಶುಕ್ರವಾರ ಮುಂಜಾನೆ ನೋಡಿದರೆ ಹಿಂದಿನ ದಿನ ಕರೆಂಟು ಹೋಗಿ ಬಂದು ಅಳತೆ ಜಾರಿತ್ತು. ನೀರಿನ ಗುಡ್ಡ ಇಪ್ಪತ್ತರ ಹತ್ತಿರ ನಿಂತಿತ್ತು. ಸರ್‌ಗೆ ಫೋನು ಮಾಡಬಹುದಿತ್ತು. ಮಾಡಿದರೆ ನಾನು ಬರುವ ತನಕ ತಡಿ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ನೀರನ್ನು ಹದಿನೆಂಟಕ್ಕೆ ನಾನೇ ತಂದೆ. ಆರ್ಗಾನ್ ಸಿಲಿಂಡರ್ ಖಾಲಿ. ಕೂಡಲೇ ಒಂದು ಫುಟ್‌ಬಾಲ್ ಬ್ಲಾಡರ್, ಗ್ಯಾಸು ತುಂಬಿ ತರಲೆಂದು, ಚೀಲಕ್ಕೆ ಹಾಕಿಕೊಂಡು ಕಪನೂರಿನ ಬಸ್ ಹತ್ತಿದೆ.

ಅಲ್ಲಿ ನಮ್ಮ ಮಿಷನ್ನಿಗೆ ಸ್ಟ್ಯಾಂಡು ಮಾಡಿಕೊಟ್ಟ ವೆಲ್ಡಿಂಗ್ ಶೆಡ್ಡಿನ ಚಾಚಾ ಇದ್ದರು. ಮೋಮಿನಪುರದವರು. ಆರ್ಗಾನ್ ಹಿಂದಿನ ಕೋಣೆಯಲ್ಲಿದೆ, ಬೀಗ ಹಾಕಿದೆ, ನಮಾಜ್ ಮುಗಿಸಿ ಬಂದು ಕೊಡುತ್ತೇನೆ, ತಾಸು ಕೂತುಕೋ ಎಂದು ಹೇಳಿ, ನನ್ನ ಕೈಗೆ ಒಂದು ಬಿಸ್ಕತ್ತಿನ ಪುಡಿಕೆ ಕೊಟ್ಟು ಕೆಲಸದವರನ್ನು ಕರೆದುಕೊಂಡು ಹೋದರು. ತಾಸು. ಮಾವ ಮತ್ತು ಅಧ್ಯಕ್ಷರು ಎರಡು ಗಂಟೆಗೆ ಕಾಲೇಜಿಗೆ ಬರುವವರಿದ್ದರು. ಬಾಗಿಲ ಪಕ್ಕದಲ್ಲೇ, ಗೇಟುಗಳನ್ನು ಬೆಸೆಯುವ ಇನ್ನೊಂದು ಮಿಷನ್ ನಿಂತಿತ್ತು. ಅದಕ್ಕೂ ಸಿಲಿಂಡರ್, ಅದಕ್ಕೂ ಪೈಪು. ಬೆಸುಗೆಯ ಮೇಲೆ ಗಾಳಿ ತಾಗದಂತೆ ಆರ್ಗಾನ್ ಊದುತ್ತಾರೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಒಂದೇ ಪುಸ್ತಕ ಓದಿದವರಷ್ಟು ಧೈರ್ಯ ಜಗತ್ತಿನಲ್ಲಿ ಇನ್ಯಾರಿಗೂ ಇರುವುದಿಲ್ಲ. ಪೈಪಿನ ತುದಿಯ ಹಿಡಿಕೆ ಒತ್ತಿದೆ. ಬುಸ್ ಎಂದು ಗ್ಯಾಸು ಬಂತು, ಜೊತೆಗೆ ಒಂದು ಮೊಳ ಬೆಸುಗೆಯ ತಂತಿಯೂ ಹಾವಿನ ಹಾಗೆ ಹೊರಗೆ ಬಂತು. ತಂತಿಯನ್ನು ಅಲ್ಲೇ ಮಡಚಿಟ್ಟು, ಬ್ಲಾಡರ್ ತುಂಬಿಸಿಕೊಂಡು, ಬಿಸ್ಕತ್ತು ತಿನ್ನುತ್ತ ಬಸ್ಸಿಗೆ ಓಡಿದೆ.

ಆ ಗ್ಯಾಸನ್ನು ಮಿಷನ್ನಿಗೆ ಬಿಟ್ಟೆ. ನಲವತ್ತರ ಆಚೆ ಒಂದು ದೊಡ್ಡ ಗುಡ್ಡ ಎದ್ದಿತು. ತಿರುಪು ತಿರುಗಿಸಿ, ಎಳೆದು ಎಳೆದು, ನಲವತ್ತಕ್ಕೆ ತಂದು ನಿಲ್ಲಿಸಿದೆ. ಆರ್ಗಾನಿಗೆ ಅರ್ಧ ತೂಕದ ಒಂದು ನೆರಳು ಬೀಳುತ್ತದೆ, ಸರಿಯಾಗಿ ಇಪ್ಪತ್ತರಲ್ಲಿ. ನನ್ನದು ಇಪ್ಪತ್ತೊಂದರ ಆಚೆ ನಿಂತಿತ್ತು. ಕ್ಷಮಿಸಿದೆ. ಇಪ್ಪತ್ತಾರೂವರೆಯ ಹತ್ತಿರ ಇನ್ನೊಂದು ಗುಡ್ಡ, ಇರಬಾರದ್ದು, ಇತ್ತು. ಅದನ್ನೂ ಕ್ಷಮಿಸಿದೆ. ಅವತ್ತು ನನ್ನಲ್ಲಿ ಸಂತರಷ್ಟು ಕ್ಷಮೆ ಇತ್ತು. ಮೂರನೆಯ ಸಾಕ್ಷಿಯನ್ನು, ಕೋಣೆಯ ಗಾಳಿಯನ್ನು, ಕರೆಯಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮಾವ ಕಾಣಿಸಿದ. ಅವನ ತೋಳಿನಲ್ಲಿ ಒದ್ದೆ ಟವೆಲ್ ಸುತ್ತಿದ ಇನ್ನೊಂದು ಬ್ಲಾಡರ್, ಕೂಸಿನ ಹಾಗೆ. ಮಾಗಿಸುವ ಕೋಣೆಯಲ್ಲಿ ಸೈಕಲ್ ಪಂಪಿನಿಂದ ತುಂಬಿದ್ದು. ಮೋಸ ಆಗಬಾರದೆಂದು ಅದರ ಬಾಯಿಗೆ ಅಧ್ಯಕ್ಷರು ದಾರ ಬಿಗಿದು ಅರಗು ಹಚ್ಚಿದ್ದರು. ಅವರಿಗೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು. ನನಗೆ ತಡವರಿಸುವವಳ ಹಾಗೆ ಕಾಣುವುದು ಬೇಕಿರಲಿಲ್ಲ. ಎರಡು ಎತ್ತು ಇದ್ದರೆ ಗಾಡಿ ನಡೆಯುತ್ತದೆ, ಮೂರನೆಯದು ಯಾಕೆ ಎಂದುಕೊಂಡೆ.

ಅರಗು ಒಡೆದೆ. ಮಾವನ ಕೋಣೆಯ ಗಾಳಿ ಒಳಗೆ ಹೋಯಿತು. ಪರದೆಯ ಮೇಲೆ ಒಂದು ಗುಡ್ಡ ಎದ್ದಿತು, ಉಳಿದವೆಲ್ಲ ಅದರ ಮುಂದೆ ಇರುವೆ ಗೂಡು. ಅದು ನಿಂತದ್ದು ಇಪ್ಪತ್ತಾರರ ಮೇಲೆ. ಅಂಕಿಯ ಗೆರೆಯಿಂದ ಅರ್ಧ ಮನೆ ಆಚೆ ಇತ್ತು, ನಿಜ, ಆದರೆ ಅರ್ಧ ಮನೆಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಮತ್ತೊಮ್ಮೆ ಬಿಟ್ಟೆ. ಅಲ್ಲೇ. ಮೂರನೆಯ ಸಲಕ್ಕೆ ಬ್ಲಾಡರ್ ಸೊರಗಿ ಚಪ್ಪಟೆಯಾಯಿತು.

ಆಗ ನನಗೆ ಮೂರು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಮಾವ ಬಾಗಿಲ ಹತ್ತಿರ ನಿಂತು ಹುಬ್ಬು ಏರಿಸಿ, ಆತೇನು ಎನ್ನುವ ಹಾಗೆ ನೋಡುತ್ತಿದ್ದ. ತಡಿ, ಇನ್ನೊಮ್ಮೆ ಅಳತೆ ನೋಡಬೇಕು ಎನ್ನಬಹುದಿತ್ತು. ಸುಳ್ಳು ಹೇಳಬಹುದಿತ್ತು, ನನಗೆ ಸುಳ್ಳು ಬರದೇ ಏನಿಲ್ಲ. ಆ ಮೂರು ಉಸಿರಿನಲ್ಲಿ ನಾನು ಯೋಚಿಸಿದ್ದು ಮಾವನನ್ನಲ್ಲ. ಸ್ವಂತ ಮಾವನನ್ನೂ ಬಿಡದ ಹುಡುಗಿ ಎಂದು ಊರು ನನ್ನ ಬಗ್ಗೆ ಏನು ಹೇಳಬಹುದು ಎಂಬುದನ್ನು ಯೋಚಿಸಿದೆ. ಅದು ನನಗೆ ಬಹಳ ಚಂದ ಕಂಡಿತು. ನಾನು ತಿರುಗಿ ನಿಂತು, ಎದೆಯ ಮೇಲೆ ಕೈ ಕಟ್ಟಿ, ಅಧ್ಯಕ್ಷರಿಗೂ ಕೇಳುವ ಹಾಗೆ ಹೇಳಿದೆ:

"ಮಾವಾ, ತಪ್ಪ ತಿಳ್ಕೋಬ್ಯಾಡ್ರಿ. ವಿಜ್ಞಾನಕ್ಕ ಸೋದರಮಾವ ಇರಂಗಿಲ್ಲ. ಇಪ್ಪತ್ತಾರು ಅದ."

ಅಧ್ಯಕ್ಷರು ಪರದೆಯ ಫೋಟೋ ತೆಗೆದುಕೊಂಡರು. ಮಾವ ಹತ್ತಿರ ಬಂದು ಆ ಗುಡ್ಡವನ್ನು ನೋಡಿದ. ಬೈಯುತ್ತಾನೆ, ಕೂಗಾಡುತ್ತಾನೆ ಎಂದುಕೊಂಡೆ. ಅದಕ್ಕೂ ಒಂದು ಉತ್ತರ ತಯಾರಿಟ್ಟಿದ್ದೆ. ಅವನು ಪರದೆಯ ಗಾಜಿಗೆ ಬೆರಳು ತಾಗಿಸಿ, ತಾಗಬಾರದೇನೋ ಎಂದು ಹಿಂದಕ್ಕೆ ತೆಗೆದುಕೊಂಡ.

"ಮಿಷನ್ ಯಾಕ ಸುಳ್ಳ ಹೇಳ್ತದ," ಎಂದ. ಆಮೇಲೆ ಅಧ್ಯಕ್ಷರ ಕಡೆ ನೋಡದೆ, "ಸ್ಟಿಕ್ಕರ್ ನಾಳಿ ಕೊಟ್ಟ ಕಳಸ್ತೀನ್ರಿ," ಎಂದ.

ಹೋಗುವಾಗ ಚೀಲದಿಂದ ಒಂದು ಚಿಪ್ಪು ತೆಗೆದು ಮೇಜಿನ ಮೇಲಿಟ್ಟ. ನನಗೆಂದು ತಂದದ್ದು. ನಾನು ಸಿಟಿ ಬಸ್ಸಿನಲ್ಲಿ ಎರಡು ಹಣ್ಣು ತಿಂದೆ. ನಾಲಿಗೆ ಚುರುಗುಟ್ಟಿತು ಎಂದು ನನಗೆ ಅನ್ನಿಸಿತು. ದೇವರಾಣೆ, ಅನ್ನಿಸಿತು.

ಮುಂದಿನ ಎಂಟು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅಧ್ಯಕ್ಷರು ಫೋಟೋವನ್ನು ಸಂಘದ ಗುಂಪಿಗೆ ಹಾಕಿದ್ದರು, ಅಲ್ಲಿಂದ ಅದು ಹಣ್ಣಿನ ಅಂಗಡಿಗಳಿಗೆ, ಅಲ್ಲಿಂದ ನಮ್ಮ ಕಾಲೇಜಿಗೆ. ಗೆಳತಿಯರು ಬೆಳಿಗ್ಗೆ ಸಂಜೆ ಹೊಗಳಿದರು. ಅವ್ವ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಮೊದಲೆಲ್ಲ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಎಣ್ಣೆ ಬೇಕೇನು ಎಂದು ಕೇಳುತ್ತಿದ್ದವಳು ಈಗ ತಾಟು ಇಟ್ಟು ಒಳಗೆ ಹೋಗುತ್ತಿದ್ದಳು. ಸತ್ಯ ಹೇಳುವವರ ಪಾಡು ಇದೇ ಎಂದು ನಾನು ಒಣ ರೊಟ್ಟಿಯನ್ನು ಹುತಾತ್ಮಳ ಹಾಗೆ ಅಗಿಯುತ್ತಿದ್ದೆ.

ಸರ್ ಬಂದರು. ನಾನು ಅವರು ಚೀಲ ಇಳಿಸುವ ಮೊದಲೇ ಕಥೆಯನ್ನು ಶುರು ಮಾಡಿ, ಉಳಿಸಿಟ್ಟ ಚಿತ್ರವನ್ನು ಪರದೆಗೆ ತಂದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸಾರಜನಕ ಎಲ್ಲಿ ಅದ, ತಂಗಿ?"

ನಾನು ಇಪ್ಪತ್ತೆಂಟರ ಹತ್ತಿರ ಬೆರಳು ಒಯ್ದೆ. ಅಲ್ಲಿ ಏನೂ ಇರಲಿಲ್ಲ. ಬೋಳು ನೆಲ.

"ಕೋಣಿ ತುಂಬ ಕಾರ್ಬೈಡ್ ಗ್ಯಾಸೇ ಇತ್ತೇನು? ಉಸಿರಾಡೋ ಗಾಳಿನ ಇರಲಿಲ್ಲೇನು? ಹಂಗಿದ್ರ ನಿಮ್ಮ ಮಾವ ಆ ಕೋಣ್ಯಾಗ ಪಂಪ್ ಹೊಡ್ಯಾಕ ನಿಂತಲ್ಲೇ ಸತ್ತಿರ್ತಿದ್ದ. ಯಾರರ ಬೀಡಿ ಹಚ್ಚಿದ್ರ ಓಣಿನ ಹಾರಿರ್ತಿತ್ತು."

ಆರ್ಗಾನ್ ಬಿಟ್ಟಾಗಿನ ಚಿತ್ರ ತೋರಿಸು ಎಂದರು. ಅಲ್ಲಿಯೂ ಇಪ್ಪತ್ತಾರೂವರೆಯಲ್ಲಿ ಅದೇ ಸಣ್ಣ ಗುಡ್ಡ. ನಿನ್ನ ಆರ್ಗಾನಿನೊಳಗೂ ಬಾಳೆಹಣ್ಣು ಇಟ್ಟಿದ್ದರೇನು ಎಂದು ಅವರು ಕೇಳಿದರು. ನಗಲಿಲ್ಲ. ಅವತ್ತೇ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಕಪನೂರಿಗೆ ಹೋದರು. ಚಾಚಾ ಬಾಗಿಲ ಪಕ್ಕದ ಮಿಷನ್ನಿನ ಮೇಲೆ ಕೈ ಇಟ್ಟು, ಮಡಚಿದ ತಂತಿಯನ್ನು ಯಾರು ಬಿಟ್ಟರೆಂದು ಎಂಟು ದಿನದಿಂದ ಹುಡುಗರನ್ನು ಬೈಯುತ್ತಿದ್ದೇನೆ ಎಂದರು. ಆಮೇಲೆ, "ಬೇಟಿ, ಇದು ಕಬ್ಬಿಣ ಬೆಸಿಯೋ ಮಿಷನ್. ಇದ್ರಾಗ ಆರ್ಗಾನ್ ಯಾರ್ ಹಾಕ್ತಾರ? ಇದು ಇಂಗಾಲದ ಗ್ಯಾಸ್, ಸೋಡಾದಾಗ ಇರ್ತದಲ್ಲ, ಅದು," ಎಂದರು.

ಸೋಡಾದ ಗ್ಯಾಸು, ಕಾರ್ಬನ್ ಡೈಆಕ್ಸೈಡ್. ಅದರ ತೂಕ ನಲವತ್ನಾಲ್ಕು; ಅದೂ ಒಡೆದು ಇಪ್ಪತ್ತೆಂಟರಲ್ಲಿ ಒಂದು ಚೂರು ಬೀಳುತ್ತದೆ, ನಾನು ಕ್ಷಮಿಸಿದ ಸಣ್ಣ ಗುಡ್ಡ ಅದೇ. ನಲವತ್ನಾಲ್ಕನ್ನು ಕುತ್ತಿಗೆ ಹಿಡಿದು ನಲವತ್ತಕ್ಕೆ ಎಳೆದಿದ್ದೆ. ಹದಿನೆಂಟು ತನ್ನ ಜಾಗದಲ್ಲಿ ಇದ್ದದ್ದರಿಂದ ನಡುವಿನವೆಲ್ಲ ಕುಗ್ಗಿ ಈಚೆಗೆ ಸರಿದಿದ್ದವು. ಇಪ್ಪತ್ತೆಂಟು ಇಪ್ಪತ್ತಾರೂವರೆಗೆ ಬಂದು ನಿಂತಿತ್ತು. ನಾನು ಕಾರ್ಬೈಡ್ ಎಂದು ತೋರಿಸಿದ ಆ ಗುಡ್ಡ ಬರೀ ಗಾಳಿ. ನಾನು, ಮಾವ, ಅಧ್ಯಕ್ಷರು ಅದನ್ನು ನೋಡುತ್ತ ಎಳೆದುಕೊಳ್ಳುತ್ತಿದ್ದ ಗಾಳಿ.

ಬೀಗದ ಕೋಣೆಯಿಂದ ನಿಜವಾದ ಆರ್ಗಾನ್ ತಂದೆವು. ಸರ್ ಕೈ ಕಟ್ಟಿ ನಿಂತರು, ತಿರುಪು ನಾನೇ ತಿರುಗಿಸಬೇಕಾಯಿತು. ಹದಿನೆಂಟು. ನಲವತ್ತು. ನೆರಳು ಇಪ್ಪತ್ತರಲ್ಲಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೋಣೆಯ ಗಾಳಿ ಬಿಟ್ಟಾಗ ಸಾರಜನಕ ಬಂದು ಇಪ್ಪತ್ತೆಂಟರಲ್ಲಿ ಕೂತಿತು, ಆಮ್ಲಜನಕ ಮೂವತ್ತೆರಡರಲ್ಲಿ ಕೂತಿತು. ಹೇಳಿದ ಕೂಡಲೇ ಕೂತವು. ಅಷ್ಟು ಸುಲಭ. ಹದಿನೈದು ನಿಮಿಷದ ಕೆಲಸ.

ಹಾಗಾದರೆ ಮಾವ ಕಾರ್ಬೈಡ್ ಹಾಕಿರಲಿಲ್ಲ ಅಲ್ಲವೇ ಎಂದು ಸರ್‌ನ ಕೇಳಿದೆ. ಅವರು ಹಳೆಯ ಚಿತ್ರಕ್ಕೆ ಮತ್ತೆ ಹೋದರು. ನಿಜವಾದ ಇಪ್ಪತ್ತಾರು ಇರಬೇಕಾದ ಜಾಗವನ್ನು ಲೆಕ್ಕ ಹಾಕಿ ಹುಡುಕಿದರು. ನಾನು ದೊಡ್ಡ ಗುಡ್ಡ ಪೂರ್ತಿ ಕಾಣಲಿ ಎಂದು ಪರದೆಯನ್ನು ಎಷ್ಟು ಕುಗ್ಗಿಸಿದ್ದೆನೆಂದರೆ ಸಣ್ಣವೆಲ್ಲ ನೆಲಕ್ಕೆ ಅಂಟಿಹೋಗಿದ್ದವು. ಹಾಕಿದ್ದರು ಎನ್ನಲೂ ಇದರಲ್ಲಿ ಏನಿಲ್ಲ, ಹಾಕಿರಲಿಲ್ಲ ಎನ್ನಲೂ ಏನಿಲ್ಲ ಎಂದರು. ಬ್ಲಾಡರಿನಲ್ಲಿ ಉಳಿದಿದ್ದರೆ ಗೊತ್ತಾಗುತ್ತಿತ್ತು ಎಂದರು. ಬ್ಲಾಡರನ್ನು ನಾನು ಮೂರು ಸಲಕ್ಕೆ ಖಾಲಿ ಮಾಡಿದ್ದೆ.

ಪರೀಕ್ಷೆ ತಪ್ಪಾಗಿತ್ತು ಎಂದು ಸರ್ ಒಂದು ಪತ್ರ ಬರೆದುಕೊಟ್ಟರು. ಹೊಸ ಬ್ಲಾಡರ್ ತೆಗೆದುಕೊಂಡು ಕಮಲಾಪುರಕ್ಕೆ ಹೋದೆ. ಮಾವ ಮನೆಯಲ್ಲಿರಲಿಲ್ಲ. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಎಲೆಯೂ ಇರಲಿಲ್ಲ. ಇದ್ದ ಗೊನೆಗಳನ್ನೆಲ್ಲ ತಿಪ್ಪೆಗೆ ಹಾಕಿ, ನೆಲಕ್ಕೆ ಫಿನಾಯಿಲ್ ಹೊಡೆದು, ಗೋಡೆಗೆ ಸುಣ್ಣ ಬಳಿದಿದ್ದ. ನಾನು ಹೋಗಿಬರುತ್ತಿದ್ದ ಎಲ್ಲ ವರ್ಷಗಳಲ್ಲಿ ಆ ಕೋಣೆಗೆ ಒಂದು ವಾಸನೆ ಇತ್ತು, ಬಾಗಿಲ ಹೊರಗಿನಿಂದಲೇ ಬಾಯಿಗೆ ನೀರು ತರುವಂಥದ್ದು. ಈಗ ಆಸ್ಪತ್ರೆಯ ಹಾಗಿತ್ತು.

ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಕೂಡು ಎಂದಳು. ನಾನು ಮಿಷನ್ನಿನ ಸುದ್ದಿ ಹೇಳಿದೆ, ಸೋಡಾ, ಆರ್ಗಾನ್, ತಿರುಪು ಎಲ್ಲ. ಅವಳು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ. ಮಾವ ಅವತ್ತು ಬಂದವನೇ ಕೋಣೆಯ ಮೂಲೆ ಮೂಲೆ ಕೆದರಿದನಂತೆ. ಬೇರೆಯವರು ತಂದ ಗೊನೆಗಳಲ್ಲಿ ಪುಡಿ ಬಂದಿರಬಹುದೇ ಎಂದು ಒಂದೊಂದನ್ನೇ ಜಾಡಿಸಿದನಂತೆ. ಏನೂ ಸಿಗಲಿಲ್ಲ. ಎರಡು ದಿನ ಊಟ ಬಿಟ್ಟು ಮೂರನೆಯ ದಿನ ಅವಳ ಮುಂದೆ ಬಂದು ನಿಂತನಂತೆ.

"ನೀ ಏನರ ತಂದಿಟ್ಟಿದ್ದೀಯೇನು ಅಂತ ನನಗ ಕೇಳ್ಯಾನ," ಎಂದಳು ಅತ್ತೆ. "ಇಪ್ಪತ್ತೆರಡ ವರ್ಷದಾಗ ಒಂದಿನ ಸಂಶಯ ಪಟ್ಟಾಂವ ಅಲ್ಲ. ಮಿಷನ್ ಸುಳ್ಳ ಹೇಳಂಗಿಲ್ಲ, ನಾನಂತೂ ಹಾಕಿಲ್ಲ, ಹಂಗಾದ್ರ ನೀನ ಇರಬೇಕು ಅಂದ."

ನನ್ನ ಮೇಲೆ ಸಂಶಯ ಬರಲಿಲ್ಲವೇ ಎಂದು ಕೇಳಿದೆ. ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. ನಿನ್ನ ಮೇಲೆ ಯಾಕೆ ಬರುತ್ತದೆ, ನೀನು ಓದಿದವಳು ಎಂದಳು. ಕುಟುಕಿದ್ದಲ್ಲ. ಸುಮ್ಮನೆ ಹೇಳಿದ್ದು.

ಅಧ್ಯಕ್ಷರ ಮನೆಗೆ ಹೋಗಿ ಪತ್ರ ಕೊಟ್ಟೆ. ಜಗಲಿಯ ಮೇಲೆ ಸಂಘದ ಇನ್ನೂ ನಾಲ್ಕು ಮಂದಿ ಇದ್ದರು. ನಾನು ವಿವರಿಸಿದೆ. ಮೊದಲ ಸಲ ಅರ್ಧ ತಾಸು ಕೇಳಿದವರು ಈಗ ಐದು ನಿಮಿಷಕ್ಕೆ ಕಾಲು ಅಲ್ಲಾಡಿಸತೊಡಗಿದರು. ಅವತ್ತು ಇಪ್ಪತ್ತಾರು ಎಂದಳು, ಇವತ್ತು ಇಪ್ಪತ್ತೆಂಟು ಎನ್ನುತ್ತಾಳೆ, ನಾಳೆ ಮೂವತ್ತು ಎಂದಾಳು ಎಂದು ಒಬ್ಬ ನಕ್ಕ. ಮನೆಯಲ್ಲಿ ಇವಳ ಅವ್ವ ಅತ್ತಿರಬೇಕು ಎಂದ ಇನ್ನೊಬ್ಬ. ಬೇಕಾದರೆ ಇವತ್ತೇ ಕೋಣೆಯ ಗಾಳಿ ತುಂಬಿಕೊಂಡು ಹೋಗುತ್ತೇನೆ, ನೀವೇ ಅರಗು ಹಚ್ಚಿರಿ, ಈಗ ಅಳತೆ ಸರಿ ಇದೆ ಎಂದು ಬೇಡಿಕೊಂಡೆ. ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ತಂಗಿ, ಖಾಲಿ ಕೋಣಿ ಯಾರ್ದಿದ್ರೂ ಶುದ್ಧನ ಇರ್ತದ," ಎಂದರು.

ನಾನು ಆದರೂ ತುಂಬಿಕೊಂಡೆ. ಮಾವ ಅಷ್ಟೊತ್ತಿಗೆ ತೋಟದಿಂದ ಬಂದಿದ್ದ. ಸೈಕಲ್ ಪಂಪು ಅವನೇ ಹೊಡೆದುಕೊಟ್ಟ. ಕಾಲಿಗೆ ಬಿದ್ದೆ. ಎಬ್ಬಿಸಿದ. ಹೊಸದಾಗಿ ಒಂದೇ ಗೊನೆ ಹಣ್ಣಿಗೆ ಹಾಕಿರಿ, ಅದರ ಗಾಳಿ ತೂಗಿ ತೋರಿಸುತ್ತೇನೆ ಎಂದೆ. ಅವನು ಪಂಪಿನ ಮೂತಿ ಒರೆಸುತ್ತ, ಈಗ ಕಾಯಿಗಳನ್ನೇ ಹೈದರಾಬಾದಿನ ಲಾರಿಯವನಿಗೆ ಕೊಡಲು ಮಾತಾಗಿದೆ, ಹಣ್ಣು ಮಾಡುವ ಕೆಲಸ ಬಿಟ್ಟೆ ಎಂದ. ಬಾಯಿ ತೆರೆದು ನಾನು ಏನೋ ಹೇಳಲು ಹೋದಾಗ ತಡೆದು, "ಮೂಗು ನಂಬಾಕ ಆಗವಲ್ದವ್ವಾ. ವಾಸನಿ ತಗೊಂಡ್ರ ನಂದೋ ಪುಡೀದೋ ತಿಳೀವಲ್ದು," ಎಂದ.

ನಿಮ್ಮ ಮೂಗು ಸರಿ ಇತ್ತು, ಕೆಟ್ಟದ್ದು ನನ್ನ ತಿರುಪು ಎಂದು ಮತ್ತೆ ಹೇಳಿದೆ. ಹೌದವ್ವಾ ಎಂದ. ಮಕ್ಕಳಿಗೆ ಹೌದು ಎನ್ನುತ್ತಾರಲ್ಲ, ಹಾಗೆ.

ಮರುದಿನ ಕಾಲೇಜಿಗೆ ಹೋಗಿ ಮೊದಲು ನೀರು, ಆಮೇಲೆ ಆರ್ಗಾನ್, ಆಮೇಲೆ ಕೋಣೆಯ ಗಾಳಿ, ಒಂದೊಂದನ್ನೂ ಎರಡೆರಡು ಸಲ ನೋಡಿ ಬರೆದಿಟ್ಟೆ. ಯಾರೂ ನೋಡುತ್ತಿರಲಿಲ್ಲ. ಅಷ್ಟು ಚೊಕ್ಕ ಅಳತೆಯನ್ನು ನಾನು ಅದಕ್ಕೂ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಕಮಲಾಪುರದ ಬ್ಲಾಡರಿನ ಗ್ಯಾಸು ಬಿಟ್ಟು, ಪರದೆಯನ್ನು ಸಾವಿರ ಪಟ್ಟು ಹಿಗ್ಗಿಸಿ, ಇಪ್ಪತ್ತಾರರ ಮೇಲೆ ಕಣ್ಣು ನೆಟ್ಟು ಕೂತೆ. ನೊಣ ಕೂತಷ್ಟೂ ಏಳಲಿಲ್ಲ. ಇಪ್ಪತ್ತೇಳರ ಹಣ್ಣಿನ ಚೂರೂ ಇರಲಿಲ್ಲ. ಮಾವನ ಕೋಣೆಯೂ ನಮ್ಮ ಕೋಣೆಯೂ ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ.

ಮಾವನಿಗೆ ಫೋನು ಮಾಡಿದೆ. ಹಿಂದೆ ಲಾರಿಯ ಇಂಜಿನ್ನಿನ ಸದ್ದು, ಮಂದಿಯ ಸದ್ದು. ಬರೀ ಗಾಳಿ ಇದೆ ಮಾವಾ, ಬೇರೆ ಏನೂ ಇಲ್ಲ ಎಂದೆ.

"ಆತವ್ವಾ," ಎಂದ. "ಊಟ ಮಾಡೀದಿ?"

ಮಾಡಿದೆ ಎಂದು ಸುಳ್ಳು ಹೇಳಿದೆ. ಅವ್ವನಿಗೆ ಹೇಳು, ಅಮಾವಾಸ್ಯೆ ಆದ ಮೇಲೆ ಬಂದು ಹೋಗುತ್ತೇನೆ ಎಂದ. ಅಷ್ಟರಲ್ಲಿ ಯಾರೋ ಅವನನ್ನು ಕರೆದರು. ಅವನು ಫೋನನ್ನು ಜೇಬಿಗೆ ಹಾಕಿಕೊಂಡನೆಂದು ಕಾಣುತ್ತದೆ, ಕಟ್ ಮಾಡುವುದನ್ನು ಮರೆತು. ಗೊನೆಗಳನ್ನು ಹೇಗೆ ಒಟ್ಟಬೇಕು, ಯಾವುದರ ಮೇಲೆ ಯಾವುದನ್ನು ಇಡಬಾರದು ಎಂದು ಹಮಾಲರಿಗೆ ಹೇಳುವುದು ಕೇಳುತ್ತಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಲಾರಿಯ ಹಿಂಬಾಗಿಲು ಬಿದ್ದು, ಸರಪಳಿ ಹಾಕಿ, ಇಂಜಿನ್ನಿನ ಸದ್ದು ದೂರ ಹೋಗುವ ತನಕ ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ.